ಅಕ್ವೇರಿಯಂಗೆ ಮೆಟಲ್ ಹ್ಯಾಲೈಡ್: ಕಲಬುರಗಿ ಬಿಸಿಲಲ್ಲಿ ಒಂದು ದಿನ

ಮೇ ತಿಂಗಳ ಒಂದು ಭಾನುವಾರ. ಬೆಳಗ್ಗೆ ಆರಕ್ಕೇ ತೊಟ್ಟಿಯ ನೀರು 29 ಡಿಗ್ರಿ. ಮಧ್ಯಾಹ್ನ ಹೊರಗೆ 42 ಮುಟ್ಟುವ ದಿನಗಳಿವು. ಮೆಟಲ್ ಹ್ಯಾಲೈಡ್ ಎಂದರೆ ಸಣ್ಣ ನಳಿಕೆಯೊಳಗೆ ಕಿಡಿ ಹಾಯ್ದು ಪ್ರಖರವಾಗಿ ಉರಿಯುವ, ಶಾಖವನ್ನೂ ಕಾರುವ ದೀಪ. ಅದನ್ನು ತೊಟ್ಟಿಯ ಮೇಲೆ ತೂಗುಹಾಕಿ ನೋಡಬೇಕಾದದ್ದು ಇಂಥ ದಿನವೇ. ಡಿಸೆಂಬರಿನಲ್ಲಿ ಆಯ್ದುಕೊಂಡ ದೀಪ ಆಗ ಎಷ್ಟೇ ಚೆಂದ ಕಂಡರೂ, ಕಲಬುರಗಿಯಲ್ಲಿ ಅದು ಬಾಳುತ್ತದೋ ಇಲ್ಲವೋ ಗೊತ್ತಾಗುವುದು ಬೇಸಿಗೆಯಲ್ಲೇ.

ತೊಟ್ಟಿ ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಲೆಕ್ಕಕ್ಕೆ 190 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 160 ಲೀಟರ್. ಕೆಳಗೆ ಇಟ್ಟಿಗೆ ಕಟ್ಟೆ, ಅದರ ಮೇಲೆ ಶಹಾಬಾದಿ ಫರಸಿ, ನಡುವೆ ಥರ್ಮಾಕೋಲ್ ಹಾಳೆ. ಫರಸಿ ತೊಟ್ಟಿಯ ಕೆಳಗೇ ಇರಲಿ, ಅಲಂಕಾರಕ್ಕೆಂದು ಅದರ ತುಂಡುಗಳನ್ನು ನೀರಿಗೆ ಹಾಕಬೇಡಿ. ಅದು ಸುಣ್ಣದ ಕಲ್ಲು, ಗಡಸು ಬೋರ್ ನೀರನ್ನು ಇನ್ನೂ ಗಡಸು ಮಾಡುತ್ತದೆ.

ಇಷ್ಟು ಆಳಕ್ಕೆ 250 ವಾಟ್ ಬೇಡವೇ ಬೇಡ. ಅದು ಎರಡಡಿಗಿಂತ ಆಳದ ತೊಟ್ಟಿಗೆ. 70 ವಾಟಿನದು ಒಂದೇ ಹಾಕಿದರೆ ಮೂರಡಿಗೆ ಸಾಲದು. 150 ವಾಟಿನ ಒಂದು ದೀಪವನ್ನು ನಡುಮಧ್ಯಕ್ಕೆ, ನೀರಿನಿಂದ 30 ಸೆಂಟಿಮೀಟರ್ ಮೇಲೆ ಸರಪಳಿಯಲ್ಲಿ ತೂಗಿದರೆ ನಡುವಿನ ಎರಡಡಿ ಚೆನ್ನಾಗಿ ಬೆಳಗುತ್ತದೆ. ಎರಡು ತುದಿಗಳಲ್ಲಿ ಬೆಳಕು ಮಂಕು. ಅಲ್ಲಿ ನೆರಳು ಸಹಿಸುವ ಅನೂಬಿಯಸ್, ನಡುವೆ ವ್ಯಾಲಿಸ್ನೇರಿಯಾ ನೆಡಬಹುದು. ಗಿಡಗಳಿಗೆ 6500 ಕೆಲ್ವಿನ್ ಬಲ್ಬ್. ಕೆಲ್ವಿನ್ ಎಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ. 14000, 20000 ಕೆಲ್ವಿನ್ನಿನ ನೀಲಿ ಬಲ್ಬುಗಳು ಸಮುದ್ರದ ಹವಳದ ತೊಟ್ಟಿಗೆ.

ಗಿಡ ಬೆಳೆಸುವುದಷ್ಟೇ ಉದ್ದೇಶವಾದರೆ ಈಗ ಎಲ್ಇಡಿ ಸಾಕು, ಶಾಖವೂ ಕಡಿಮೆ. ಮೆಟಲ್ ಹ್ಯಾಲೈಡ್ ಬೇಕೆನಿಸುವುದು ಅದರ ಬೆಳಕಿನ ಆಟಕ್ಕಾಗಿ. ಬೆಳಕೆಲ್ಲ ಬೆರಳ ತುದಿಯಷ್ಟು ಸಣ್ಣ ಸ್ಫಟಿಕದ ನಳಿಕೆಯಿಂದ ಬರುವುದರಿಂದ ನೀರಿನ ಪ್ರತಿ ಅಲೆಯೂ ಮಸೂರದಂತೆ ಕೆಲಸ ಮಾಡಿ ಮರಳಿನ ಮೇಲೆ ಬಂಗಾರದ ಬಲೆ ಬೀಸುತ್ತದೆ. ಗಪ್ಪಿ ಮೀನು ಆ ಬಲೆಯೊಳಗೆ ಹಾಯುವಾಗ ಬಾಲದ ನರ ನರವೂ ಕಾಣುತ್ತದೆ. ಬೆಳಕು ಸುತ್ತಲೂ ಹರಡುವ ಟ್ಯೂಬ್‌ಲೈಟಿನಲ್ಲಿ ಇದು ಸಿಗುವುದಿಲ್ಲ.

ಫಿಟ್ಟಿಂಗ್ ಹೊಸದೇ ಆಗಬೇಕೆಂದಿಲ್ಲ. ಅಂಗಡಿ ಬೋರ್ಡಿಗೆ ಹಾಕುತ್ತಿದ್ದ 150 ವಾಟಿನ ಫ್ಲಡ್ ಲೈಟ್ ನಡೆಯುತ್ತದೆ, ಬಲ್ಬ್ ಮಾತ್ರ ಬದಲಿಸಬೇಕು. ಅದರಲ್ಲಿರುವುದು ಸಾಮಾನ್ಯವಾಗಿ 4000 ಕೆಲ್ವಿನ್ ಆಸುಪಾಸಿನದು. ಎರಡೂ ತುದಿಗೆ ಹಿಡಿಕೆ ಇರುವ ಈ ಬಲ್ಬಿಗೆ ನೇರಳಾತೀತ ಕಿರಣ ತಡೆಯುವ ದಪ್ಪ ಗಾಜಿನ ಹೊರಗವಚ ಇರುವುದಿಲ್ಲ, ಹಾಗಾಗಿ ಮುಂದಿನ ಗಾಜು ತೆಗೆದು ಉರಿಸಲೇಬಾರದು. ಆ ಗಾಜೇ ನೇರಳಾತೀತ ಕಿರಣಗಳನ್ನು ತಡೆಯುವುದು. ಅದಿಲ್ಲದಿದ್ದರೆ ಗಿಡ ಸುಡುತ್ತದೆ, ನಮ್ಮ ಕಣ್ಣಿಗೂ ಪೆಟ್ಟು. ಬಲ್ಬನ್ನು ಬಟ್ಟೆಯಲ್ಲಿ ಹಿಡಿದೇ ಕೂಡಿಸಬೇಕು. ಬೆರಳಿನ ಜಿಡ್ಡು ಅಂಟಿದ ಕಡೆ ಸ್ಫಟಿಕ ಮಂಜಾಗಿ ಕೊನೆಗೆ ಸೀಳುತ್ತದೆ.

ವೈರಿಂಗಿನಲ್ಲಿ ಫೇಸ್ ಮೊದಲು ಕರೆಂಟನ್ನು ಮಿತಿಯಲ್ಲಿಡುವ ಚೋಕಿಗೆ, ಅಲ್ಲಿಂದ ಕಿಡಿ ಹೊತ್ತಿಸುವ ಇಗ್ನೈಟರಿಗೆ, ಅಲ್ಲಿಂದ ಬಲ್ಬಿಗೆ. ನ್ಯೂಟ್ರಲ್ ಇಗ್ನೈಟರಿಗೂ ಬಲ್ಬಿಗೂ ಹೋಗುತ್ತದೆ. 20 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಪ್ಲೈಗೆ ಅಡ್ಡಲಾಗಿ, ಅಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ. ಚೋಕ್ 150 ವಾಟಿನದೇ ಇರಬೇಕು. ಹೊತ್ತಿಸುವಾಗ ಇಗ್ನೈಟರ್ ನಾಲ್ಕೈದು ಸಾವಿರ ವೋಲ್ಟಿನ ಏಟು ಕೊಡುತ್ತದೆ, ಆದ್ದರಿಂದ ಅಲ್ಲಿಂದ ಬಲ್ಬಿನವರೆಗೆ ಸಿಲಿಕಾನ್ ವೈರ್ ಬೇಕು, ಉದ್ದ ಒಂದು ಮೀಟರ್ ಮೀರದಿದ್ದರೆ ಒಳ್ಳೆಯದು. ಸಾದಾ ಪಿವಿಸಿ ವೈರಿನಲ್ಲಿ ಆ ಏಟು ಸೋರಿಹೋಗಿ ಬಲ್ಬ್ ಹತ್ತದೆಯೂ ಇರಬಹುದು. ಚೋಕ್ ತಾನೂ ಬಿಸಿಯಾಗುತ್ತದೆ. ಅದನ್ನು ತೊಟ್ಟಿಯ ಮುಚ್ಚಳದಲ್ಲಿ ಅಡಗಿಸದೆ ಗೋಡೆಗೆ, ಗಾಳಿಯಾಡುವ ಡಬ್ಬಿಯಲ್ಲಿ ಇಡಿ. ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲದೆ ನೀರಿನ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ.

ಆ ದಿನ ದೀಪ ಹತ್ತಿದ್ದು ಏಳು ಗಂಟೆಗೆ. ಮೊದಲು ಮಂಕು ನೇರಳೆ, ಆಮೇಲೆ ಹಸಿರು ಛಾಯೆ, ನಾಲ್ಕು ನಿಮಿಷಕ್ಕೆ ಪೂರ್ತಿ ಬಿಳಿ. ಹತ್ತೂವರೆಗೆ ಎರಡು ನಿಮಿಷ ಕರೆಂಟ್ ಹೋಯಿತು. "ಕರೆಂಟ್ ಬಂದ್ರೂ ಲೈಟ್ ಹತ್ತವಲ್ದಲ್ರೀ" ಅಂತ ಮನೆಯವರು ಗಾಬರಿಯಾಗುವುದು ಇಂಥ ಹೊತ್ತಿಗೇ. ಕೆಟ್ಟಿಲ್ಲ. ಬಿಸಿ ನಳಿಕೆಯೊಳಗಿನ ಒತ್ತಡ ಇಳಿಯುವವರೆಗೆ ಕಿಡಿ ಹಾಯುವುದಿಲ್ಲ. ಹತ್ತು ಹದಿನೈದು ನಿಮಿಷ ಕಾಯಬೇಕು. ಪದೇ ಪದೇ ಸ್ವಿಚ್ ಒತ್ತಿದರೆ ಇಗ್ನೈಟರ್ ಹಾಳಾಗಬಹುದು. ಮನೆಯ ಇನ್ವರ್ಟರಿಗೆ ಈ ದೀಪ ಕೊಡಬೇಡಿ. ಏರ್ ಪಂಪ್ ಮಾತ್ರ ಕೊಡಿ, ಅದು ಮೀನಿನ ಜೀವದ ಪ್ರಶ್ನೆ.

ಹನ್ನೊಂದಕ್ಕೆ ನೀರು 32 ಡಿಗ್ರಿ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 33ಕ್ಕೆ ಬರುವಾಗ ಅದು 7ರ ಹತ್ತಿರ, ಅದೇ ಹೊತ್ತಿಗೆ ಮೀನಿಗೆ ಉಸಿರಾಟ ಜಾಸ್ತಿ ಬೇಕು. ಮೀನುಗಳು ಮೇಲಕ್ಕೆ ಬಂದು ಬಾಯಿ ಆಡಿಸತೊಡಗಿದರೆ ತಡಮಾಡದೆ ದೀಪ ಆರಿಸಿ. ಈ ತೊಟ್ಟಿಯಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ಗಾಜಿನ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಕಟ್ಟಿ, ಕಂಪ್ಯೂಟರಿನ 12 ವೋಲ್ಟಿನ ಎರಡು ಫ್ಯಾನುಗಳನ್ನು ನೀರಿನ ಮೈಗೆ ಓರೆಯಾಗಿ ಬೀಸುವಂತೆ ಕೂಡಿಸಿದ್ದಾಯಿತು. ಒಂದು ಲೀಟರ್ ನೀರು ಆವಿಯಾದರೆ ಉಳಿದ 160 ಲೀಟರ್ ನೀರನ್ನು ಮೂರೂವರೆ ಡಿಗ್ರಿ ತಣಿಸುವಷ್ಟು ಶಾಖ ಅದರ ಜೊತೆ ಹೋಗುತ್ತದೆ. ನಮ್ಮ ಕಡೆಯ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದ ತೇವದಲ್ಲಿ ಇಷ್ಟು ಕೆಲಸ ಮಾಡದು. ಎರಡು ತಾಸಿನಲ್ಲಿ ನೀರು 30ಕ್ಕೆ ಇಳಿಯಿತು.

ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಹನ್ನೊಂದು, ಚಳಿಗಾಲದಲ್ಲಿ ಸಂಜೆ ನಾಲ್ಕರಿಂದ ಹತ್ತು, ಹೀಗೆ ಒಂದೇ ಸರದಿಯಲ್ಲಿ ಉರಿಸುವುದು ಮೇಲು. ಹಚ್ಚಿದಷ್ಟು ಸಲ ಬಲ್ಬಿನ ಆಯಸ್ಸು ತಗ್ಗುತ್ತದೆ. ಚೋಕಿನದೂ ಸೇರಿ ಸುಮಾರು 170 ವಾಟ್ ಎಳೆಯುತ್ತದೆ. ಆರು ತಾಸಿಗೆ ದಿನಕ್ಕೊಂದು ಯೂನಿಟ್. ಒಂದು ವರ್ಷದ ಹೊತ್ತಿಗೆ ಬಣ್ಣ ಬದಲಾಗಿ ಪಾಚಿ ಹೆಚ್ಚಬಹುದು, ಬಲ್ಬ್ ಉರಿಯುತ್ತಿದ್ದರೂ ಬದಲಿಸಿ. ತಾನೇ ಆರಿ ತಾನೇ ಹತ್ತತೊಡಗಿದರೆ ಅಂದೇ ತೆಗೆಯಿರಿ. ಒಳಗೆ ಪಾದರಸ ಇದೆ, ಒಡೆಯಬೇಡಿ.

ಸಂಜೆ ನೋಡಿದರೆ ಗಾಜಿನ ಮೇಲೆ ಪೆನ್ನಿನಿಂದ ಎಳೆದ ಗೆರೆಗಿಂತ ನೀರು ಅರ್ಧ ಸೆಂಟಿಮೀಟರ್ ಕೆಳಗೆ, ಅಂದರೆ ಎರಡು ಲೀಟರ್ ಹತ್ತಿರ. ಆವಿಯಾಗಿ ಹೋಗುವುದು ನೀರಷ್ಟೇ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೇ ತುಂಬಿಸುವಾಗ ಬೋರ್ ನೀರು ಬೇಡ, ಆರ್‌ಒ ನೀರನ್ನೇ ಗೆರೆ ಮುಟ್ಟುವವರೆಗೆ ನಿಧಾನಕ್ಕೆ ಸುರಿಯಿರಿ.