ಈಶ್ವರ ಸಂವತ್ಸರ ಸರಿ, ಯಾವ ಈಶ್ವರ?

ಹಳೇ ಮೈಸೂರಿನ ಒಂದು ಕ್ರಯಪತ್ರ, ಅಂದರೆ ಹೊಲ ಮಾರಿದ ಪತ್ರ, ಅಂತೂ 1877–78ಕ್ಕೆ ಬಂದು ನಿಂತಿತು. ತಲೆ ತಿಂದದ್ದು ಕೂಡಿಸಿ ಬರೆಯುವ ಮೋಡಿ ಅಕ್ಷರವಲ್ಲ, ಇಸವಿ. ಶಕವರ್ಷ ಬರೆದಿಲ್ಲ, ‘ಈಶ್ವರ ಸಂ॥’ ಅಷ್ಟೇ. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ ಶೇಷ 11 ಬಂದರೆ ಈಶ್ವರ: ಇಸವಿ 1817, 1877, 1937, ಮೂರೂ ಹೊಂದುತ್ತವೆ. ಮಾಘ, ಫಾಲ್ಗುಣವಾದರೆ ಇಸವಿಗೆ ಇನ್ನೊಂದು ಸೇರಿಸಿ.

ಹೊಲ ಮಾರಿದವನ ಹೆಸರು ನೋಡಿ ಬಿಡಿಸೋಣವೆಂದರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ. ರಂಗಯ್ಯ ಬಿನ್ ತಿಮ್ಮಯ್ಯ, ಅವನ ಮಗ ತಿಮ್ಮಯ್ಯ ಬಿನ್ ರಂಗಯ್ಯ, ಮೊಮ್ಮಗ ಪುನಃ ರಂಗಯ್ಯ ಬಿನ್ ತಿಮ್ಮಯ್ಯ. ಎರಡು ತಲೆಮಾರು ಹೆಚ್ಚುಕಡಿಮೆ 60 ವರ್ಷ. ಸಂವತ್ಸರವೂ ಹೆಸರೂ ಗಾಣದೆತ್ತಿನಂತೆ ಜೊತೆಯಲ್ಲೇ ಸುತ್ತುತ್ತವೆ.

ತಿಥಿಗೆ ವಾರ ತಾಳೆ ನೋಡುವುದು ಮಾಮೂಲಿ ಉಪಾಯ. ವಾರ ಬರೆದಿದ್ದ ಅಂಚನ್ನೇ ನಕಲು ತೆಗೆದ ಪುಣ್ಯಾತ್ಮರು ಕತ್ತರಿಸಿ, ಉಳಿದದ್ದಕ್ಕೆ ಲ್ಯಾಮಿನೇಶನ್ ಬೇರೆ ಮಾಡಿಕೊಟ್ಟಿದ್ದಾರೆ! ವಾರ ಸಿಕ್ಕಿದ್ದರೂ ಅದೊಂದನ್ನೇ ನಂಬುವಂತಿರಲಿಲ್ಲ. ತಿಥಿ ಎರಡು ದಿನಕ್ಕೆ ಚಾಚಿಕೊಳ್ಳುತ್ತದೆ, ಬರೆದವರು ಯಾವ ದಿನ ಹಿಡಿದರೋ.

ಜನಗಣತಿಯಿಂದ ಉಪಯೋಗವಿಲ್ಲ. ನಮ್ಮಲ್ಲಿ ಮನೆಮನೆಯ ಹೆಸರಿನ ಹಾಳೆ ನೋಡಲು ಸಿಗುವುದಿಲ್ಲ, ಸಿಗುವುದು ಮೊತ್ತ ಮಾತ್ರ.

ಒಗಟು ಬಿಡಿಸಿದ್ದು ಸರ್ವೆ ನಂಬರು ಮತ್ತು ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಎಲ್ಲೆಯ ವಿವರ. ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದೇ 1863ರಲ್ಲಿ, ಹಾಗಾಗಿ ಸರ್ವೆ ನಂಬರಿರುವ ಪತ್ರ 1817ರದ್ದಾಗದು. ನಂಬರಿಗೆ ಹಿಸ್ಸಾ (ಪಾಲಿನ ಉಪಸಂಖ್ಯೆ) ಬಿದ್ದಿಲ್ಲ, ಅಂದರೆ ಪೋಡಿಗೆ (ಪಾಲುಗಳನ್ನು ಅಳೆದು ಬೇರೆ ಮಾಡುವುದಕ್ಕೆ) ಮುಂಚಿನದು. ಪೋಡಿ ತಡವಾದ ಊರುಗಳಲ್ಲಿ ಈ ಗುರುತು ಕೈಕೊಡುತ್ತದೆ. ಓದುಬರಹ ಬಾರದ ರೈತರು ಹಾಕುತ್ತಿದ್ದ ನೇಗಿಲು ಗುರುತಿನ ರುಜುವೂ ಹಳತನ್ನೇ ಹೇಳುತ್ತದೆ, ಆದರೆ ಅದೂ ಅರೆ ಸಾಕ್ಷಿ. ಪಟ್ಟಾಗಿ ನಿಂತದ್ದು ‘ಪೂರ್ವಕ್ಕೆ ಸರ್ಕಾರಿ ಬೀಳು’ (ಸಾಗುವಳಿಯಿಲ್ಲದ ಸರ್ಕಾರಿ ಜಮೀನು) ಎಂಬ ಒಂದೇ ಸಾಲು. ಪೂರ್ವದ ನಂಬರನ್ನು ಆಕಾರಬಂದಿನಲ್ಲಿ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಹಿಡಿದು ದರಖಾಸ್ತು (ಸರ್ಕಾರಿ ಜಮೀನು ಮಂಜೂರಿಗೆ ಕೊಟ್ಟ ಅರ್ಜಿ) ಕಡತಕ್ಕೆ ಹೋದರೆ, ಆ ಬೀಳು 1937ಕ್ಕೆ ಎಷ್ಟೋ ಮೊದಲೇ ಮಂಜೂರಾಗಿ ಒಬ್ಬರ ಖಾತೆಗೆ ಸೇರಿದೆ. ಚಕ್ಕುಬಂದಿಯಲ್ಲಿ ನೆರೆಹೊಲದವರ ಹೆಸರಿಗೆ ಜೋತುಬೀಳಬೇಡಿ, ಅವರ ಮನೆಯಲ್ಲೂ ರಂಗಯ್ಯ–ತಿಮ್ಮಯ್ಯರೇ. ಬೀಳು, ಗೋಮಾಳ, ಕಾಲುವೆ, ರಸ್ತೆ ಹುಡುಕಿ. ಇವು ಎಂದಿನಿಂದ ಎಂದಿನವರೆಗೆ ಇದ್ದವೆಂದು ಸರ್ಕಾರಿ ಕಾಗದ ಹೇಳುತ್ತದೆ.

1876–78ರ ಧಾತು–ಈಶ್ವರದ ಬರದಲ್ಲಿ ಹೊಲ ಮಾರಿದ್ದು ಆಶ್ಚರ್ಯವಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ರಂಗಯ್ಯ ಆ 42 ಲಕ್ಷದಲ್ಲಿದ್ದನೇ ಎಂಬುದು ಇನ್ನೂ ಬಾಕಿ. ಕಂದಾಯ ವಸೂಲಿ ಪಟ್ಟಿ ಸಿಕ್ಕರೆ ಗೊತ್ತಾದೀತು.

ಈ ನಡುವೆ ಶಾನುಭೋಗರ ಮನೆಯೊಂದರ ಅಟ್ಟದಲ್ಲಿ ಬಟ್ಟೆಯ ಕಡತಗಳು ಇವೆಯಂತೆ. ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಪುಸ್ತಕದಂತೆ ಮಡಿಸಿದ ಕಪ್ಪು ಬಟ್ಟೆ, ಮೇಲೆ ಬಳಪದ ಬರಹ. ಧೂಳು ಕಂಡಿತೆಂದು ಒರೆಸಿದರೆ ಬರಹವೂ ಹೋಗುತ್ತದೆ. ಫ್ಲ್ಯಾಶ್ ಬೇಡ, ಕಪ್ಪು ಹೊಳೆದು ಅಕ್ಷರ ಮುಚ್ಚುತ್ತದೆ. ದೀಪ ಪಕ್ಕದಲ್ಲಿ ತಗ್ಗಿಸಿಟ್ಟು, ಬಲದಿಂದೊಂದು, ಎಡದಿಂದೊಂದು ಫೋಟೋ ತೆಗೆಯುವ ಯೋಜನೆ. ಮಡಿಕೆಯ ಗೆರೆಯಲ್ಲಿ ಪದರ ಉದುರುತ್ತಿದ್ದರೆ ಪೂರ್ತಿ ಬಿಚ್ಚದೆ ಎರಡೆರಡೇ ಪುಟ.