"ನಿಮ್ಮಲ್ಲಿ ಆ ಟೆಸ್ಟ್ ಬೇಡ ಅಂತಾರಲ್ಲ, ಯಾಕೆ?"

ಮಂಗಳೂರಿನ ಕಡೆ ಗರ್ಭಿಣಿಯರಿಗೆ ಕೌನ್ಸೆಲಿಂಗ್ ಮಾಡುವುದು ನನ್ನ ಕೆಲಸ. ನಾನೂ ಬ್ಯಾರಿ ಹೆಂಗಸು, ಅಂದರೆ ಕರಾವಳಿಯ ಮುಸ್ಲಿಂ ಸಮುದಾಯದವಳು. ಹಾಗಾಗಿ ಜೊತೆಯ ಡಾಕ್ಟರು, ನರ್ಸು ಎಲ್ಲರೂ ನನ್ನನ್ನು ಇದೇ ಕೇಳುತ್ತಾರೆ: "ಮಗುವಿಗೆ ಡೌನ್ ಸಿಂಡ್ರೋಮ್ ಇದೆಯಾ ಅಂತ ನೋಡುವ ಟೆಸ್ಟನ್ನು ನಿಮ್ಮ ಹೆಂಗಸರು ಯಾಕೆ ಬೇಡ ಅಂತಾರೆ? ಧರ್ಮ ಒಪ್ಪಲ್ವಾ?"

ಬೇಡ ಅನ್ನುವವರು ಇದ್ದಾರೆ. ಅವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಬೇರೆಯೇ ಭಯ ಹೊರಗೆ ಬರುತ್ತದೆ. ಟೆಸ್ಟ್ ಮಾಡಿಸಿದರೆ ಮಗುವನ್ನು ತೆಗೆಸಲೇಬೇಕು ಅಂದುಕೊಂಡಿರುತ್ತಾರೆ. ತಿಳಿದುಕೊಳ್ಳುವುದು ಬೇರೆ, ಆಮೇಲೆ ಏನು ಮಾಡುವುದು ಅನ್ನುವುದು ಬೇರೆ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ. ಒಬ್ಬಾಕೆ ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತಲಿನ ನೀರು ತೆಗೆಯುವ ಟೆಸ್ಟ್ ಬೇಡ ಅಂದಳು. ಏನೇ ಇದ್ದರೂ ಮಗು ನನ್ನದೇ ಅಂದಳು. ಆದರೆ ಸ್ಕ್ಯಾನಿಂಗ್ ಒಂದನ್ನೂ ತಪ್ಪಿಸಲಿಲ್ಲ. ಮಗುವಿನ ಹೃದಯದಲ್ಲಿ ತೊಂದರೆ ಕಂಡಿತು. ಮಕ್ಕಳ ಹೃದಯದ ಡಾಕ್ಟರ್ ಇರುವ ಕಡೆಯೇ ಹೆರಿಗೆ ಮಾಡಿಸಿಕೊಂಡಳು. ಅವಳ ಫೈಲಿನಲ್ಲಿ ಮಾತ್ರ "ಟೆಸ್ಟ್ ನಿರಾಕರಿಸಿದ್ದಾರೆ" ಅಂತ ಬರೆದಿತ್ತು. ನನಗೆ ತುಂಬ ಬೇಜಾರಾಯಿತು.

ಧರ್ಮದ ಮಾತೂ ಇದೆ, ಇಲ್ಲ ಅನ್ನುವುದಿಲ್ಲ. ಗರ್ಭ ನಿಂತು 120 ದಿನಕ್ಕೆ ಮಗುವಿಗೆ ರೂಹ್, ಅಂದರೆ ಆತ್ಮ ಬರುತ್ತದೆ ಅಂತ ನಮ್ಮಲ್ಲಿ ಹೆಚ್ಚಿನವರು ನಂಬುತ್ತಾರೆ. 40 ದಿನ ಅನ್ನುವ ಉಲಮಾಗಳೂ (ಧರ್ಮ ಪಂಡಿತರು) ಇದ್ದಾರೆ. 1990ರಲ್ಲಿ ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಕೌನ್ಸಿಲ್ (ಧರ್ಮದ ಕಾನೂನು ನೋಡುವ ಪಂಡಿತರ ಮಂಡಳಿ) ಒಂದು ತೀರ್ಮಾನ ಕೊಟ್ಟಿತು. ವಾಸಿಯಾಗದ ಗಂಭೀರ ತೊಂದರೆ ಖಚಿತವಾಗಿದ್ದು ತಂದೆತಾಯಿ ಕೇಳಿಕೊಂಡರೆ, 120 ದಿನದೊಳಗೆ ತೆಗೆಸಬಹುದು ಅಂತ. ಎಲ್ಲ ಉಸ್ತಾದರೂ (ಧರ್ಮ ಗುರುಗಳು) ಇದನ್ನು ಒಪ್ಪುವುದಿಲ್ಲ. ಆದರೂ "ಕೇಳಿ ಬರ್ತೇನೆ" ಅಂತ ಹೋಗುವ ಹೆಂಗಸಿಗೆ ಈ ಲೆಕ್ಕ ಬಹಳ ಮುಖ್ಯ.

ಡಾಕ್ಟರ ಲೆಕ್ಕ ಬೇರೆ. ಅವರು ಕೊನೆಯ ಮುಟ್ಟಿನಿಂದ ವಾರ ಎಣಿಸುತ್ತಾರೆ, ಅಂದರೆ ಎರಡು ವಾರ ಜಾಸ್ತಿ. ಹಾಗೆ ನೋಡಿದರೆ 120 ದಿನ ಅಂದರೆ ಅವರ 19ನೇ ವಾರ. ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ ಆಗುವುದು 18ರಿಂದ 20ನೇ ವಾರದಲ್ಲಿ. ಅದರಲ್ಲಿ ಏನಾದರೂ ಕಂಡರೆ "ಗಾಬರಿ ಬೇಡ, ಕಾನೂನಿನಲ್ಲಿ ಟೈಮ್ ಇದೆ" ಅನ್ನುತ್ತಾರೆ. ನಿಜ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ, ಮಗುವಿಗೆ ಗಂಭೀರ ತೊಂದರೆ ಇದ್ದರೆ ಮೆಡಿಕಲ್ ಬೋರ್ಡ್ ಒಪ್ಪಿಗೆಯಿಂದ 24 ವಾರ ದಾಟಿದರೂ ಅವಕಾಶ ಇದೆ. ಆದರೆ ಅವಳ ಲೆಕ್ಕದಲ್ಲಿ ಟೈಮ್ ಮುಗಿದಿರುತ್ತದೆ. ಅವಳು ಸುಮ್ನೆ ಎದ್ದು ಹೋಗುತ್ತಾಳೆ. ನಾವು ಅದನ್ನು ಧರ್ಮ ಅಂತ ಬರೆದುಕೊಳ್ಳುತ್ತೇವೆ. ತಡ ಮಾಡಿದ್ದು ನಾವು, ಅಲ್ವಾ?

11ರಿಂದ 13ನೇ ವಾರದಲ್ಲೇ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಅನ್ನುವ ರಕ್ತದ ಟೆಸ್ಟ್ ಆದರೆ ಯೋಚಿಸಲು ಜಾಗ ಸಿಗುತ್ತದೆ. ಅದು ಬರೀ ಸಾಧ್ಯತೆ ಹೇಳುತ್ತದೆ. 100ಕ್ಕೆ 1 ಅಂತ ಬಂದರೆ, ಅಂಥ 100 ತಾಯಂದಿರಲ್ಲಿ 99 ಜನರ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಖಚಿತ ಬೇಕಾದರೆ 15 ವಾರದ ಮೇಲೆ ಸೂಜಿ ಟೆಸ್ಟ್, ಅದರ ಪೂರ್ತಿ ರಿಪೋರ್ಟಿಗೆ ಮತ್ತೆ ಎರಡು ವಾರ ಹಿಡಿಯಬಹುದು.

ಅದಕ್ಕೇ ಈಗ ಮೊದಲ ಸಲ ಬಂದಾಗಲೇ ತಾಯಿ ಕಾರ್ಡಿನ ಹಿಂದೆ ಎರಡು ತಾರೀಕು ಬರೆದುಕೊಡುತ್ತೇನೆ. ಒಂದು ಸ್ಕ್ಯಾನಿಂಗಿನದು. ಇನ್ನೊಂದು ಅವಳ 120ನೇ ದಿನದ್ದು.