ಥೆರಪಿ ಮುಕ್ಕಾಲು ಗಂಟೆ, ಉಳಿದ ಹೊತ್ತು ಮಗು ಹೇಗಿರುತ್ತದೆ?

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮಿದುಳಿಗೆ ಆದ ಹಾನಿಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ತೊಂದರೆ, ಇರುವ ಮಕ್ಕಳೇ ಜಾಸ್ತಿ. "ಯಾವ ಎಕ್ಸರ್‌ಸೈಜ್ ಮಾಡಿಸ್ಬೇಕು ಮೇಡಂ?" ಅಂತ ಅಪ್ಪ ಅಮ್ಮ ಕೇಳುತ್ತಾರೆ. ನಾನು ಕೇಳುವುದು ಬೇರೆ. ಮಗು ಹೇಗೆ ಮಲಗುತ್ತದೆ, ಯಾರು ಹೇಗೆ ಎತ್ತಿಕೊಳ್ಳುತ್ತೀರಿ, ಊಟ ಮಾಡಿಸುವಾಗ ತಲೆ ಹೇಗಿರುತ್ತದೆ? ನನ್ನ ಹತ್ತಿರ ಅದು ಇರುವುದು ಮುಕ್ಕಾಲು ಗಂಟೆ, ಮಿಕ್ಕಿದ್ದೆಲ್ಲ ಮನೆಯವರ ಕೈಯಲ್ಲೇ ಅಲ್ವಾ?

ಊಟದ್ದೇ ತಗೊಳ್ಳಿ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ರಾಗಿ ಸರಿ ತಿನ್ನಿಸುವುದು ನಮ್ಮಲ್ಲಿ ರೂಢಿ. ಮೈ ಬಿಗಿ ಇರುವ ಮಗುವಿಗೆ ಇದು ಅಪಾಯ. ತಲೆ ಹಿಂದಕ್ಕೆ ವಾಲಿದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ನುಂಗಲು ಕಷ್ಟವಾಗಿ ರಾಗಿ ಸರಿ ಉಸಿರಿನ ಕೊಳವೆಗೆ ಇಳಿಯಬಹುದು. ಪದೇ ಪದೇ ಕೆಮ್ಮು, ಕಫ, ನ್ಯುಮೋನಿಯಾ ಅಂತ ಓಡಾಡುವ ಮಕ್ಕಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಒಬ್ಬ ಅಜ್ಜಿಗೆ ನನ್ನೆದುರೇ ತಿನ್ನಿಸಿ ಅಂದೆ. ಆಮೇಲೆ, "ಅಜ್ಜಿ, ಗೋಡೆಗೆ ಒರಗಿ, ಮಂಡಿ ಮಡಚಿ ಕೂತ್ಕೊಳ್ಳಿ" ಅಂತ ಹೇಳಿ, ಮಗುವನ್ನು ಅವರ ತೊಡೆಗೆ ಒರಗಿಸಿ ಅವರ ಕಡೆಗೇ ಮುಖ ಮಾಡಿ ಕೂರಿಸಿದೆ. ಸೊಂಟ ಚೆನ್ನಾಗಿ ಮಡಚಿತ್ತು, ಎರಡೂ ತೋಳು ಮುಂದೆ, ಗದ್ದ ಸ್ವಲ್ಪ ಕೆಳಗೆ. ಚಮಚ ಮೇಲಿಂದಲ್ಲ, ಎದುರಿನಿಂದ. ಮಗು ತುಟಿ ಮುಚ್ಚಿ ಚಮಚ ಖಾಲಿ ಮಾಡಿತು. "ಕಾಲೂ ಸಡಿಲ ಬಿಟ್ಬಿಡ್ತಲ್ಲವ್ವಾ!" ಅಂದರು ಅಜ್ಜಿ. ಸೊಂಟ, ಮಂಡಿ ಮಡಚಿದರೆ ಆ ಸೆಟೆತ ಮುರಿಯುತ್ತದೆ, ಅಷ್ಟೇ.

ಎತ್ತಿಕೊಳ್ಳುವುದರಲ್ಲೂ ಹಾಗೆಯೇ. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹೆಣೆದುಕೊಳ್ಳುವ ಮಗುವನ್ನು ಎರಡು ಕಾಲೂ ಜೋಡಿಸಿ ತೋಳಲ್ಲಿ ಮಲಗಿಸಿಕೊಳ್ಳಬೇಡಿ, ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳಿ. ಇಂಥ ಮಕ್ಕಳಲ್ಲಿ ಸೊಂಟದ ಕೀಲು ನಿಧಾನವಾಗಿ ಜಾರುವ ಭಯ ಇರುತ್ತದೆ, ಮೊದಮೊದಲು ನೋವೂ ಗೊತ್ತಾಗುವುದಿಲ್ಲ. ಅದಕ್ಕೇ ಡಾಕ್ಟರು ಹೇಳಿದಾಗ ಎಕ್ಸ್-ರೇ ತಪ್ಪಿಸಬೇಡಿ.

ಇದಕ್ಕೆಲ್ಲ ದುಡ್ಡು ಸುರಿಯಬೇಕಿಲ್ಲ. ಮಗು ಎಚ್ಚರವಾಗಿದ್ದಾಗ, ನೀವು ಹತ್ತಿರವೇ ಇದ್ದು, ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಸುತ್ತಿದ ಹಳೇ ಸೀರೆ, ಮಂಡಿಗಳ ನಡುವೆ ಸಣ್ಣ ದಿಂಬು ಇಡಿ. ಆಗ ಎರಡು ಕೈಯೂ ಕಣ್ಣೆದುರು ಬರುತ್ತವೆ, ಮಗು ತನ್ನ ಕೈಯನ್ನೇ ನೋಡುತ್ತಾ ಆಡುತ್ತದೆ. ಕೂರಿಸುವಾಗ ಪಾದ ನೇತಾಡದೆ ನೆಲಕ್ಕೆ ಊರುವಷ್ಟು ತಗ್ಗಿನ ಸ್ಟೂಲ್ ಸಾಕು. ಬೇಗ ನಡೆಯಲಿ ಅಂತ, ಮಗುವನ್ನು ಒಳಗೆ ಕೂರಿಸುವ ಚಕ್ರದ ವಾಕರ್ ಮಾತ್ರ ತರಬೇಡಿ. ಮಗು ತುದಿಗಾಲಲ್ಲೇ ತಳ್ಳುವುದು ಕಲಿಯುತ್ತದೆ, ಬೀಳುವ ಅಪಾಯ ಬೇರೆ. ಕೆನಡಾ 2004ರಲ್ಲೇ ಇವುಗಳ ಮಾರಾಟ ನಿಷೇಧಿಸಿತು. ನಡೆಸಲು ಅವಸರ ಬೇಡ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಪ್ರಕಾರ ಆರೋಗ್ಯವಂತ ಮಕ್ಕಳಲ್ಲೂ ಕೆಲವರು 17 ತಿಂಗಳು ದಾಟಿ ನಡೆಯುತ್ತಾರೆ.

ಒಂದು ಕೇಳಿಕೆ. ಥೆರಪಿಗೆ ಬರುವಾಗ ದಿನವಿಡೀ ಮಗು ನೋಡಿಕೊಳ್ಳುವವರನ್ನೇ ಕರೆದುಕೊಂಡು ಬನ್ನಿ. ಅದು ಅಜ್ಜಿಯಾದರೆ ಅಜ್ಜಿ, ಅಕ್ಕನಾದರೆ ಅಕ್ಕ. ಮಗು ತಿನ್ನುವ ಬಟ್ಟಲು, ಚಮಚವನ್ನೂ ತನ್ನಿ.